ಬಟ್ಟೆ ಅಂಗಡಿಯ ಮೇಲ್ಮಹಡಿಯಲ್ಲಿ ಮ್ಯೂಸಿಯಂ

1/10
ಜಪಾನಿನ ಯೊಕೊಹಾಮಾ ರೈಲ್ವೆ ಸ್ಟೇಷನ್‌ನ ಪೂರ್ವ ದಿಕ್ಕಿಗೆ ಸೊಗೊ ಅಂತ ಒಂದು ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್ ಇದೆ. ಬಟ್ಟೆ, ಚಪ್ಪಲಿ, ಪಾತ್ರೆ, ಸೆಂಟು ಎಲ್ಲಾ ದಾಟಿಕೊಂಡು ಎಸ್ಕಲೇಟರ್‌ನಲ್ಲಿ ಮೇಲೆ ಹೋಗ್ತಾ ಇದ್ರೆ 6ನೇ ಮಹಡಿಯಲ್ಲಿ ಒಂದು ಮ್ಯೂಸಿಯಂ ಸಿಗುತ್ತೆ. ಕ್ಯೋಟೋ ಸ್ಟೇಷನ್ ಕಟ್ಟಡದಲ್ಲೇ ಇರೋ ಇಸೆತಾನ್ ಅಂಗಡಿಯಲ್ಲೂ ಹಾಗೇ, 7ನೇ ಮಹಡಿಯಲ್ಲಿ ಒಂದು ಪುಟ್ಟ ಮ್ಯೂಸಿಯಂ. 1997ರಲ್ಲಿ ಶುರುವಾಗಿದ್ದು.

ಮ್ಯೂಸಿಯಂ ಅಂದ್ರೆ ನಮ್ಮ ಮಾಲ್‌ಗಳಲ್ಲಿ ನಿಲ್ಲಿಸೋ ಸೆಲ್ಫಿ ಗೋಡೆ ಅಂದ್ಕೋಬೇಡಿ. ಟಿಕೆಟ್ ಕೌಂಟರ್, ಮಂದ ಬೆಳಕು, ಗೋಡೆ ಮೇಲೆ ಅಸಲಿ ಚಿತ್ರಗಳು, ಪಕ್ಕದಲ್ಲಿ ವಿವರಣೆಯ ಚೀಟಿ, ಕೊನೆಯಲ್ಲಿ ಪೋಸ್ಟ್‌ಕಾರ್ಡ್ ಮಾರೋ ಮೇಜು. ಎಲ್ಲಾ ಸರಿಯಾದ ಮ್ಯೂಸಿಯಂ ಥರಾನೇ. ಅಲ್ಲಿಂದ ಹೊರಗೆ ಬಂದ ಕೂಡಲೇ ಮತ್ತೆ ಅಂಗಡಿ.

ನಾನು ಓದ್ತಿರೋದು ಬಿಕಾಂ. ಹಾಗಾಗಿ ಇದರ ಬಗ್ಗೆ ಓದಿದಾಗ ಮೊದಲು ಬಂದ ಪ್ರಶ್ನೆ ಕಲೆಯದ್ದಲ್ಲ, ಲೆಕ್ಕದ್ದು. ಸ್ಟೇಷನ್‌ಗೆ ಅಂಟಿಕೊಂಡಿರೋ ಅಂಗಡಿಯಲ್ಲಿ ಪ್ರತಿ ಚದರ ಅಡಿಗೂ ಬೆಲೆ ಇದೆ. ಅಂಥ ಜಾಗವನ್ನ ಯಾವ ವ್ಯಾಪಾರಿ ಚಿತ್ರ ನೇತುಹಾಕೋಕೆ ಬಿಟ್ಟುಕೊಡ್ತಾನೆ? ಈ ಖರ್ಚನ್ನ ಯಾವ ಖಾತೆಗೆ ಬರೀತಾನೆ?

ಉತ್ತರ ಹುಡುಕ್ತಾ ಹೋದ್ರೆ 350 ವರ್ಷ ಹಿಂದಕ್ಕೆ ಹೋಗಬೇಕಾಗುತ್ತೆ. ಬನ್ನಿ, ಒಂದೊಂದೇ ಸ್ಲೈಡ್ ನೋಡೋಣ. ➡️

2/10
1673ರಲ್ಲಿ ಮಿತ್ಸುಯಿ ತಾಕಾತೋಶಿ ಅನ್ನೋ ವ್ಯಾಪಾರಿ ಎದೋ ನಗರದಲ್ಲಿ ಎಚಿಗೋಯಾ ಅನ್ನೋ ಬಟ್ಟೆ ಅಂಗಡಿ ತೆರೆದ. ಎದೋ ಅಂದ್ರೆ ಇವತ್ತಿನ ಟೋಕಿಯೋ. ಆಗ ದೊಡ್ಡ ಬಟ್ಟೆ ವ್ಯಾಪಾರಿಗಳು ಶ್ರೀಮಂತರ ಮನೆಗೇ ಕಿಮೋನೋ ಬಟ್ಟೆ ಹೊತ್ತುಕೊಂಡು ಹೋಗ್ತಿದ್ರು. ಕೊಡೋದು ಸಾಲ, ವಸೂಲಿ ಹಬ್ಬಕ್ಕೋ ವರ್ಷದ ಕೊನೆಗೋ. ಸಾಲ ಮುಳುಗುವ ಭಯ ಇದ್ದೇ ಇತ್ತಲ್ಲ, ಅದನ್ನೂ ಸೇರಿಸಿ ಬೆಲೆ ಹೇಳೋದು. ಮುಖ ನೋಡಿ ಬೆಲೆ ಅಂತಾರಲ್ಲ, ಹಾಗೆ.

ಎಚಿಗೋಯಾ ಎರಡು ನಿಯಮ ತಂತು. ಕೈಗೆ ಕಾಸು, ಎಲ್ಲರಿಗೂ ಒಂದೇ ಬೆಲೆ. ಜೊತೆಗೆ ಇಡೀ ಥಾನು ಕೊಳ್ಳೋಕಾಗದವರಿಗೆ ಬೇಕಾದಷ್ಟೇ ಕತ್ತರಿಸಿ ಕೊಡೋದು. ಸಾಮಾನ್ಯ ಜನ ಅಂಗಡಿ ಬಾಗಿಲಿಗೆ ಬರೋಕೆ ಶುರು ಮಾಡಿದ್ರು.

ಆದ್ರೆ ಒಂದು ಮಾತು. ಬಂದವರು ಚಪ್ಪಲಿ ಬಿಟ್ಟು ಚಾಪೆ ಮೇಲೆ ಕೂರಬೇಕಿತ್ತು. ಗುಮಾಸ್ತ ಒಳಗಿನಿಂದ ಬಟ್ಟೆ ತಂದು ಮುಂದೆ ಹರಡಬೇಕು. ನಮ್ಮೂರಿನ ಹಳೇ ಜವಳಿ ಅಂಗಡಿಗಳ ಗಾದಿ ನೆನಪಾಯ್ತಾ? ಅಂಥ ಅಂಗಡಿಯಲ್ಲಿ 'ಸುಮ್ನೆ ನೋಡೋಕೆ ಬಂದೆ' ಅನ್ನೋಕಾಗಲ್ಲ. ಕೂತ ಮೇಲೆ ಏನಾದ್ರೂ ತಗೊಂಡೇ ಏಳಬೇಕು ಅನ್ಸುತ್ತೆ.

1900ರ ಹೊತ್ತಿಗೆ ಇದೇ ಅಂಗಡಿ ಬಟ್ಟೆಗಳನ್ನ ಗಾಜಿನ ಪೆಟ್ಟಿಗೆಗಳಲ್ಲಿ ಜೋಡಿಸಿ ಇಟ್ಟಿತು. 1904ರಲ್ಲಿ ಮಿತ್ಸುಕೋಶಿ ಅನ್ನೋ ಹೊಸ ಹೆಸರು ಬಂತು. ಅಮೆರಿಕದಲ್ಲಿರುವಂಥ ಡಿಪಾರ್ಟ್‌ಮೆಂಟ್ ಸ್ಟೋರ್ ಆಗ್ತೀವಿ ಅಂತ ಗ್ರಾಹಕರಿಗೆ ಘೋಷಣೆ ಕಳಿಸಿ, ಮುಂದಿನ ವರ್ಷದ ಆರಂಭದಲ್ಲಿ ಪತ್ರಿಕೆಗಳಲ್ಲೂ ಜಾಹೀರಾತು ಹಾಕಿದರು.

ಇಲ್ಲಿ ಆದ ಬದಲಾವಣೆ ಸಣ್ಣದಲ್ಲ. ಮೊದಲ ಸಲ ಒಬ್ಬ ಬಡ ಹುಡುಗಿಯೂ ಅಂಗಡಿ ಒಳಗೆ ಹೋಗಿ, ಅತ್ಯಂತ ದುಬಾರಿ ರೇಷ್ಮೆಯನ್ನ ಗಾಜಿನ ಆಚೆಯಿಂದ ನೋಡಿ, ಏನೂ ಕೊಳ್ಳದೆ ಮನೆಗೆ ಹೋಗಬಹುದಾಯಿತು. ನೋಡೋದು ಬೇರೆ, ಕೊಳ್ಳೋದು ಬೇರೆ ಅಂತ ಆಯ್ತು. ಮ್ಯೂಸಿಯಂನ ಬೀಜ ಇದೇ.

3/10
ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಿ ಇನ್ನೊಂದು ವಿಷಯ ಹೇಳ್ಬೇಕು. ಜಪಾನಿ ಭಾಷೆಯಲ್ಲಿ 'ಲಲಿತಕಲೆ' ಅನ್ನೋಕೆ 'ಬಿಜುತ್ಸು' ಅಂತಾರೆ. ಈ ಪದಕ್ಕೆ ತುಂಬಾ ವಯಸ್ಸಾಗಿಲ್ಲ. 1873ರ ವಿಯೆನ್ನಾ ವಿಶ್ವ ವಸ್ತುಪ್ರದರ್ಶನದಲ್ಲಿ ಜಪಾನ್ ಸರ್ಕಾರ ಭಾಗವಹಿಸಬೇಕಿತ್ತು. ಅದರ ನಿಯಮಗಳನ್ನ ಜರ್ಮನ್‌ನಿಂದ ಅನುವಾದ ಮಾಡುವಾಗ ಹೊಸದಾಗಿ ಹುಟ್ಟಿಸಿದ ಪದ ಇದು. ಅಂದ್ರೆ ಆ ದೇಶದಲ್ಲಿ 'ಕಲೆ' ಅನ್ನೋ ಆಧುನಿಕ ಪದವೇ ಒಂದು ವ್ಯಾಪಾರ ಮೇಳದ ಅರ್ಜಿಯಿಂದ ಬಂದಿದ್ದು!

1877ರಲ್ಲಿ ಟೋಕಿಯೋದ ಉಯೆನೋ ಪಾರ್ಕ್‌ನಲ್ಲಿ ಮೊದಲ ರಾಷ್ಟ್ರೀಯ ಕೈಗಾರಿಕಾ ವಸ್ತುಪ್ರದರ್ಶನ ನಡೆಯಿತು. ಅಲ್ಲಿ ಯಂತ್ರವೂ ಇತ್ತು, ರೇಷ್ಮೆಯೂ ಇತ್ತು, ಚಿತ್ರಕಲೆಗೆ ಅಂತಲೇ ಒಂದು ಕಟ್ಟಡವೂ ಇತ್ತು. ನಮ್ಮಲ್ಲಿ ದಸರಾ ವಸ್ತುಪ್ರದರ್ಶನಕ್ಕೆ ಹೋದವರಿಗೆ ಈ ಮಿಶ್ರಣ ಹೊಸದೇನಲ್ಲ.

ಪ್ರದರ್ಶನ ಮುಗಿದ ಮೇಲೆ ಮಾರಾಟವಾಗದ ಸಾಮಾನು ಉಳೀತು. ಅದನ್ನ ಏನು ಮಾಡೋದು? 1878ರಲ್ಲಿ ಟೋಕಿಯೋದಲ್ಲಿ 'ಕಾಂಕೋಬಾ' ಅನ್ನೋ ಜಾಗ ತೆರೆದು ಅಲ್ಲಿ ಜೋಡಿಸಿ ಮಾರಿದರು. ಒಂದೇ ಸೂರಿನಡಿ ಹಲವು ಅಂಗಡಿ, ಎಲ್ಲದಕ್ಕೂ ಬೆಲೆ ಚೀಟಿ, ಜನ ನಡೆದಾಡ್ತಾ ನೋಡಬಹುದು. ಡಿಪಾರ್ಟ್‌ಮೆಂಟ್ ಸ್ಟೋರ್ ಬರೋಕೆ ಮುಂಚೆ ಜನಕ್ಕೆ ಆ ಅಭ್ಯಾಸ ಕಲಿಸಿದ್ದು ಇದು.

ಹಾಗಾಗಿ ಮ್ಯೂಸಿಯಂ ಮತ್ತು ಅಂಗಡಿ ಜಪಾನಿನಲ್ಲಿ ಒಂದೇ ಮನೆಯಲ್ಲಿ ಹುಟ್ಟಿದ ಅಕ್ಕ ತಂಗಿ. ಒಬ್ಬಳು ಸರ್ಕಾರದ ಮನೆ ಸೇರಿದಳು, ಇನ್ನೊಬ್ಬಳು ಸಾಹುಕಾರರ ಮನೆ ಸೇರಿದಳು. ಆಮೇಲೆ ಇಬ್ಬರೂ ಮತ್ತೆ ಭೇಟಿಯಾಗಿದ್ದು ಅಂಗಡಿಯ ಮೇಲ್ಮಹಡಿಯಲ್ಲಿ.

4/10
ಮೊದಲು ಒಂದು ವ್ಯತ್ಯಾಸ ತಿಳ್ಕೊಳೋಣ. ಅಂಗಡಿಯ 'ಕಲಾ ವಿಭಾಗ' ಬೇರೆ, 'ಪ್ರದರ್ಶನ ಹಾಲ್' ಬೇರೆ. ಕಲಾ ವಿಭಾಗದಲ್ಲಿ ಚಿತ್ರ ಮಾರಾಟಕ್ಕಿರುತ್ತೆ. ಅದು ಆದಾಯದ ಖಾತೆ. ಹಾಲ್‌ನಲ್ಲಿ ಚಿತ್ರ ನೋಡೋಕೆ ಮಾತ್ರ. ಅದು ಖರ್ಚಿನ ಖಾತೆ.

ಮೊದಲು ಬಂದಿದ್ದು ಆದಾಯದ ಖಾತೆಯೇ. ಮಿತ್ಸುಕೋಶಿ 1907ರಲ್ಲಿ ಕಲಾ ವಿಭಾಗ ತೆರೆಯಿತು. ಇನ್ನೊಂದು ದೊಡ್ಡ ಹೆಸರು ತಾಕಾಶಿಮಾಯಾ. 1831ರಲ್ಲಿ ಕ್ಯೋಟೋದಲ್ಲಿ ಇಯಿದಾ ಶಿನ್‌ಶಿಚಿ ಅನ್ನೋನು ಶುರು ಮಾಡಿದ ಬಟ್ಟೆ ಅಂಗಡಿ. 19ನೇ ಶತಮಾನದ ಕೊನೆಗೆ ಇವರು ವಿದೇಶಕ್ಕೆ ಕಸೂತಿ, ಬಣ್ಣ ಹಾಕಿದ ವೆಲ್ವೆಟ್ ಕಳಿಸ್ತಿದ್ರು. ಅವುಗಳ ವಿನ್ಯಾಸಕ್ಕೆ ಮೂಲಚಿತ್ರ ಬರೆದುಕೊಟ್ಟವರು ಕ್ಯೋಟೋದ ಚಿತ್ರಕಾರರು. ಮುಂದೆ ದೇಶದ ದೊಡ್ಡ ಕಲಾವಿದ ಅನ್ನಿಸಿಕೊಂಡ ತಾಕೇಉಚಿ ಸೆಯಿಹೋ ಕೂಡ ಅವರಲ್ಲಿ ಒಬ್ಬರು. ಹೀಗೆ ಚಿತ್ರಕಾರರ ಪರಿಚಯ ಮೊದಲೇ ಇದ್ದಿದ್ದರಿಂದ 1911ರಲ್ಲಿ ತಾಕಾಶಿಮಾಯಾದಲ್ಲೂ ಕಲಾ ವಿಭಾಗ ಸುಲಭವಾಗಿ ಶುರುವಾಯಿತು.

ಇದರಿಂದ ಏನಾಯ್ತು ಅನ್ನೋಕೆ ಒಂದು ಉದಾಹರಣೆ. 1921ರಲ್ಲಿ ಕಾವಾಯಿ ಕಾಂಜಿರೋ ಅನ್ನೋ ಯುವ ಕುಂಬಾರ ತನ್ನ ಮೊದಲ ಪ್ರದರ್ಶನ ಮಾಡಿದ್ದು ತಾಕಾಶಿಮಾಯಾದಲ್ಲಿ. ಅಲ್ಲಿ ಕೆಲಸ ಮಾಡ್ತಿದ್ದ ಕಾವಾಕತ್ಸು ಕೆನಿಚಿ ಜೊತೆ ಗೆಳೆತನ ಆಯ್ತು, ಅದು ಜೀವನಪೂರ್ತಿ ಉಳೀತು. 1937ರ ಪ್ಯಾರಿಸ್ ವಸ್ತುಪ್ರದರ್ಶನಕ್ಕೆ ಕಾವಾಯಿಗೆ ಗೊತ್ತಿಲ್ಲದಂತೆ ಅವರ ಮಡಕೆ ಕಳಿಸಿದ್ದು ಇದೇ ಕಾವಾಕತ್ಸು. ಅದಕ್ಕೆ ಅತ್ಯುನ್ನತ ಬಹುಮಾನ ಬಂತು. ಕಾವಾಕತ್ಸು ಜೀವನವಿಡೀ ಕೂಡಿಟ್ಟ ಕಾವಾಯಿಯ 425 ಕೃತಿಗಳು ಈಗ ಕ್ಯೋಟೋದ ರಾಷ್ಟ್ರೀಯ ಆಧುನಿಕ ಕಲಾ ಮ್ಯೂಸಿಯಂನಲ್ಲಿವೆ.

ಒಬ್ಬ ಅಂಗಡಿ ನೌಕರನ ಕಣ್ಣಿನಿಂದ ಒಂದು ರಾಷ್ಟ್ರೀಯ ಸಂಗ್ರಹ! ಅಂಗಡಿಯ ಲೆಕ್ಕಪುಸ್ತಕದಲ್ಲಿ ಇದಕ್ಕೆ ಕಾಲಮ್ಮೇ ಇಲ್ಲ ನೋಡಿ.

5/10
ಖರ್ಚಿನ ಖಾತೆ ದೊಡ್ಡದಾಗಿದ್ದು ಎರಡನೇ ಮಹಾಯುದ್ಧದ ನಂತರ.

ಯುದ್ಧ ಮುಗಿದಾಗ ಟೋಕಿಯೋದ ದೊಡ್ಡ ಭಾಗ ಬೂದಿಯಾಗಿತ್ತು. ಆಧುನಿಕ ಕಲೆ ತೋರಿಸೋಕೆ ಸಾರ್ವಜನಿಕ ಮ್ಯೂಸಿಯಂ ಇರಲಿಲ್ಲ. ಅಂಥ ಮೊದಲನೆಯದು ಕಾಮಾಕುರಾ ಊರಿನಲ್ಲಿ 1951ರಲ್ಲಿ ಬಂತು. ಟೋಕಿಯೋದಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಮ್ಯೂಸಿಯಂ ತೆರೆದಿದ್ದು 1952ರಲ್ಲಿ. ಪಾಶ್ಚಾತ್ಯ ಕಲೆಗೆ ರಾಷ್ಟ್ರೀಯ ಮ್ಯೂಸಿಯಂ ಬರೋಕೆ 1959 ಆಯ್ತು.

ಅಲ್ಲಿವರೆಗೆ ಜನ ಚಿತ್ರ ನೋಡೋದೆಲ್ಲಿ? ಡಿಪಾರ್ಟ್‌ಮೆಂಟ್ ಸ್ಟೋರ್‌ನಲ್ಲಿ. ಗಟ್ಟಿ ಕಟ್ಟಡ ಇತ್ತು, ಲಿಫ್ಟ್ ಇತ್ತು, ದೀಪ ಇತ್ತು, ಸ್ಟೇಷನ್ ಹತ್ತಿರ ಇತ್ತು. ದಿನಪತ್ರಿಕೆ ಕಂಪನಿಗಳು ಇವರ ಜೊತೆ ಕೈಜೋಡಿಸಿದವು. ವಿದೇಶದಿಂದ ಕೃತಿ ತರಿಸೋದು, ಪತ್ರಿಕೆಯಲ್ಲಿ ಪ್ರಚಾರ ಮಾಡೋದು ಅವರ ಕೆಲಸ. ಹಾಲ್ ಕೊಡೋದು ಅಂಗಡಿಯ ಕೆಲಸ. ಪತ್ರಿಕೆಗೆ ಚಂದಾದಾರರು ಸಿಕ್ಕರು, ಅಂಗಡಿಗೆ ಗಿರಾಕಿ ಸಿಕ್ಕರು.

ಹಾಲ್ ಯಾಕೆ ಯಾವಾಗಲೂ ಮೇಲಿನ ಮಹಡಿಯಲ್ಲೇ? ಇದಕ್ಕೆ ಜಪಾನಿ ವ್ಯಾಪಾರಿಗಳು 'ಶವರ್ ಎಫೆಕ್ಟ್' ಅಂತಾರೆ. ಜನರನ್ನ ಮೊದಲು ತುದಿಗೆ ಎಳೀಬೇಕು. ಆಮೇಲೆ ಅವರು ಸ್ನಾನದ ನೀರಿನ ಹಾಗೆ ಒಂದೊಂದೇ ಮಹಡಿ ಇಳೀತಾರೆ. ಇಳಿಯೋ ದಾರಿಯಲ್ಲಿ ಏನಾದ್ರೂ ಕೊಳ್ತಾರೆ. ನೆಲಮಾಳಿಗೆಯ ತಿಂಡಿ ಅಂಗಡಿಗಳಿಂದ ಜನ ಮೇಲೆ ಹತ್ತೋದಕ್ಕೆ 'ಕಾರಂಜಿ ಎಫೆಕ್ಟ್' ಅಂತಾರೆ. ಮಾರ್ಕೆಟಿಂಗ್ ಕ್ಲಾಸ್‌ನಲ್ಲಿ ಹೇಳಿಕೊಡಬೇಕಾದ ವಿಷಯ, ಅಲ್ವಾ?

ತುದಿಗೆ ಎಳೆಯೋಕೆ ಕಲೆಯೊಂದೇ ಅಲ್ಲ, ಏನು ಬೇಕಾದ್ರೂ ಮಾಡ್ತಿದ್ರು. 1950ರಲ್ಲಿ ಟೋಕಿಯೋದ ನಿಹೊಂಬಾಶಿ ತಾಕಾಶಿಮಾಯಾ ತನ್ನ ಟೆರೇಸಿಗೆ ಕ್ರೇನ್‌ನಲ್ಲಿ ಒಂದು ಮರಿ ಆನೆಯನ್ನೇ ಏರಿಸಿತು! ಹೆಸರು ತಾಕಾಕೋ. ನಾಲ್ಕು ವರ್ಷದಲ್ಲಿ ಅದು ಎಷ್ಟು ಬೆಳೀತು ಅಂದ್ರೆ 1954ರಲ್ಲಿ ಮೆಟ್ಟಿಲ ಮೇಲೆ ನಡೆಸಿಕೊಂಡೇ ಕೆಳಗಿಳಿಸಬೇಕಾಯ್ತು. ಆಮೇಲೆ ಅದು ಹೋಗಿದ್ದು ಉಯೆನೋ ಮೃಗಾಲಯಕ್ಕೆ. ಅಲ್ಲಿ ಆಗಲೇ ಇಂದಿರಾ ಅನ್ನೋ ಆನೆ ಇತ್ತು. 1949ರಲ್ಲಿ ನೆಹರೂ ಜಪಾನಿನ ಮಕ್ಕಳಿಗೆ ಉಡುಗೊರೆಯಾಗಿ ಕಳಿಸಿದ, ನಮ್ಮ ಮೈಸೂರು ಸೀಮೆಯ ಆನೆ. ಅದಕ್ಕೆ ಕನ್ನಡದ ಮಾತು ಮಾತ್ರ ಅರ್ಥ ಆಗ್ತಿದ್ದಿದ್ದರಿಂದ ಅಲ್ಲಿನ ನೌಕರರು ನಮ್ಮ ಮಾವುತರಿಂದ ಕನ್ನಡ ಕಲಿತರಂತೆ. 🐘

ಸರಿ, ಆನೆ ಬಿಟ್ಟು ಹಾಲ್‌ಗೆ ವಾಪಸ್ ಬರೋಣ. ಮುಂದಿನ ಕಥೆ ಸ್ವಲ್ಪ ಭಾರ.

6/10
1956ರ ಮಾರ್ಚ್. ಅದೇ ನಿಹೊಂಬಾಶಿ ತಾಕಾಶಿಮಾಯಾ. 'ದಿ ಫ್ಯಾಮಿಲಿ ಆಫ್ ಮ್ಯಾನ್' ಅನ್ನೋ ಫೋಟೋ ಪ್ರದರ್ಶನ ಅಲ್ಲಿಗೆ ಬಂತು. ಇದನ್ನ ಹಿಂದಿನ ವರ್ಷ ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ಗೆ ಎಡ್ವರ್ಡ್ ಸ್ಟೈಕನ್ ಸಿದ್ಧಪಡಿಸಿದ್ದರು. 68 ದೇಶಗಳ 503 ಫೋಟೋಗಳು. ಹುಟ್ಟು, ಪ್ರೀತಿ, ಕೆಲಸ, ಸಾವು. ಮನುಷ್ಯರೆಲ್ಲಾ ಒಂದೇ ಕುಟುಂಬ ಅನ್ನೋದು ಅದರ ಸಂದೇಶ.

ಟೋಕಿಯೋ ಪ್ರದರ್ಶನದಲ್ಲಿ ಯಾಮಾಹಾತಾ ಯೋಸುಕೆ ತೆಗೆದ ನಾಗಸಾಕಿಯ ಫೋಟೋಗಳೂ ಇದ್ದವು. ಯಾಮಾಹಾತಾ ನಾಗಸಾಕಿಗೆ ಹೋಗಿದ್ದು 1945ರ ಆಗಸ್ಟ್ 10ರಂದು, ಅಂದ್ರೆ ಬಾಂಬ್ ಬಿದ್ದ ಮರುದಿನ. ಅಮೆರಿಕದ ಆಡಳಿತ ಇದ್ದಷ್ಟು ಕಾಲ, ಅಂದ್ರೆ 1952ರವರೆಗೆ, ಇಂಥ ಫೋಟೋಗಳನ್ನ ಮುಕ್ತವಾಗಿ ಪ್ರಕಟಿಸೋ ಹಾಗಿರಲಿಲ್ಲ. ಹಾಗಾಗಿ ಬಹಳ ಜನರಿಗೆ ಇವು ಹೊಸವು.

ಪ್ರದರ್ಶನ ನೋಡೋಕೆ ಚಕ್ರವರ್ತಿ ಹಿರೋಹಿತೋ ಬಂದರು. ಅವರು ಬಂದಾಗ ನಾಗಸಾಕಿಯ ಫೋಟೋಗಳ ಮೇಲೆ ಪರದೆ ಎಳೆದಿದ್ದರು. ಆಮೇಲೆ ಪರದೆ ತೆಗೆಯಲಿಲ್ಲ, ಫೋಟೋಗಳನ್ನೇ ತೆಗೆದರು. ಪತ್ರಿಕೆಗಳಲ್ಲಿ, ಛಾಯಾಗ್ರಾಹಕರ ನಡುವೆ ದೊಡ್ಡ ವಿವಾದ ಆಯಿತು.

ಇದನ್ನ ಓದಿದಾಗ ನಾನು ಸ್ವಲ್ಪ ಹೊತ್ತು ಯೋಚನೆ ಮಾಡ್ದೆ. ಆ ಹಾಲ್‌ಗೆ ಯಾರು ಬೇಕಾದ್ರೂ ಬರಬಹುದಿತ್ತು. ತರಕಾರಿ ಚೀಲ ಹಿಡಿದ ಗೃಹಿಣಿ, ಶಾಲಾ ಮಕ್ಕಳು, ಆಫೀಸ್ ಗುಮಾಸ್ತರು. ಒಂದು ಅಂಗಡಿಯಲ್ಲಿ, ಸೋಪು ಮತ್ತು ಟವೆಲ್ ಮಾರೋ ಜಾಗದ ಮೇಲೆ, ಜನ ತಮ್ಮದೇ ದೇಶಕ್ಕೆ ಆಗಿದ್ದನ್ನ ಕಣ್ಣಾರೆ ನೋಡೋ ಅವಕಾಶ ಇತ್ತು. ಕೊನೆಗೆ ಸಿಕ್ಕಿದ್ದು ಪರದೆ.

ಬಾಗಿಲು ಎಲ್ಲರಿಗೂ ತೆರೆದಿದ್ದ ಮಾತ್ರಕ್ಕೆ ಗೋಡೆ ಸ್ವತಂತ್ರವಾಗಿರುತ್ತೆ ಅಂತ ಅಲ್ಲ. ಗೋಡೆಗೆ ಯಾವಾಗಲೂ ಯಜಮಾನರು ಇರ್ತಾರೆ, ಕೆಲವು ಸಲ ಒಬ್ಬರಲ್ಲ, ಹಲವರು. ಅದು ಸರ್ಕಾರಿ ಮ್ಯೂಸಿಯಂಗೂ ಅನ್ವಯ ಆಗುತ್ತೆ.

7/10
ಹಾಗಂತ ಅಂಗಡಿಗಳು ಬರೀ ಹಿತವಾದದ್ದನ್ನೇ ತೋರಿಸಿದವು ಅಂದ್ರೆ ಅನ್ಯಾಯ. ಅದೇ 1956ರ ನವೆಂಬರ್‌ನಲ್ಲಿ, ಅದೇ ತಾಕಾಶಿಮಾಯಾದಲ್ಲಿ ಜಗತ್ತಿನ ಇವತ್ತಿನ ಕಲೆ ಅನ್ನೋ ಪ್ರದರ್ಶನ ನಡೆಯಿತು. ಯುರೋಪಿನಲ್ಲಿ ಆಗಷ್ಟೇ ಬಿಸಿ ಬಿಸಿಯಾಗಿದ್ದ 'ಅಂಫೋರ್ಮೆಲ್' ಅನ್ನೋ ಅಮೂರ್ತ ಶೈಲಿ ಜಪಾನಿಗೆ ಬಂದಿದ್ದು ಅಲ್ಲಿಂದ. ಯುವ ಕಲಾವಿದರ ಒಂದು ತಲೆಮಾರು ಅದನ್ನ ನೋಡಿ ಬದಲಾಯಿತು.

1960ರಲ್ಲಿ ಇನ್ನೂ ಮಜಾ ಇದೆ. ಒಸಾಕಾದ ಕಡೆಯ ಗುತಾಯಿ ಅನ್ನೋ ಕಲಾವಿದರ ಗುಂಪು ಒಸಾಕಾ ತಾಕಾಶಿಮಾಯಾದ ಟೆರೇಸಿನಲ್ಲಿ 'ಅಂತರರಾಷ್ಟ್ರೀಯ ಆಕಾಶ ಉತ್ಸವ' ಮಾಡಿತು. ಆಗ ಅಂಗಡಿಗಳ ಮೇಲೆ ದೊಡ್ಡ ಬಲೂನ್ ಹಾರಿಸಿ ಅದರ ಕೆಳಗೆ ಜಾಹೀರಾತು ಇಳಿಬಿಡೋ ಪದ್ಧತಿ ಇತ್ತು. ಗುತಾಯಿಯವರು ಜಾಹೀರಾತು ಇರಬೇಕಾದ ಜಾಗದಲ್ಲಿ ಚಿತ್ರಗಳನ್ನ ನೇತುಹಾಕಿ ಆಕಾಶಕ್ಕೆ ಬಿಟ್ಟರು.

ಈ ಇಡೀ ಸರಣಿಯ ಸಾರಾಂಶ ಒಂದೇ ಚಿತ್ರದಲ್ಲಿ ಬೇಕಂದ್ರೆ ನಾನು ಇದನ್ನೇ ಆರಿಸ್ತೀನಿ. ಅಂಗಡಿಯಲ್ಲಿ ಕಲೆ ಯಾವಾಗಲೂ ನೇತಾಡಿದ್ದು ಜಾಹೀರಾತಿನ ಹಗ್ಗದಲ್ಲೇ. ಹಗ್ಗ ಜಾಹೀರಾತಿನದ್ದು ಅಂದ ಮಾತ್ರಕ್ಕೆ ಚಿತ್ರ ಜಾಹೀರಾತು ಆಗಲ್ಲ. ಆದ್ರೆ ಹಗ್ಗ ಕತ್ತರಿಸಿದ್ರೆ ಚಿತ್ರ ಕೆಳಗೆ ಬೀಳುತ್ತೆ.

ಮೊದಲ ಪೆಟ್ಟು ಬಿದ್ದಿದ್ದು ಬೆಂಕಿಯಿಂದ. 1972ರ ಮೇ ತಿಂಗಳಲ್ಲಿ ಒಸಾಕಾದ ಸೆನ್ನಿಚಿ ಡಿಪಾರ್ಟ್‌ಮೆಂಟ್ ಸ್ಟೋರ್ ಕಟ್ಟಡಕ್ಕೆ ಬೆಂಕಿ ಬಿತ್ತು. 118 ಜನ ಸತ್ತರು. 1973ರ ನವೆಂಬರ್‌ನಲ್ಲಿ ಕುಮಾಮೋತೋ ಊರಿನ ತಾಯಿಯೋ ಅಂಗಡಿಯಲ್ಲಿ ಬೆಂಕಿ. 100ಕ್ಕೂ ಹೆಚ್ಚು ಜನ ಸತ್ತರು. ಮನುಷ್ಯರನ್ನೇ ಉಳಿಸಿಕೊಳ್ಳೋಕಾಗದ ಕಟ್ಟಡದಲ್ಲಿ ಸಾವಿರ ವರ್ಷದ ವಿಗ್ರಹ ಇಡೋದು ಹೇಗೆ? ಇದಾದ ಮೇಲೆ ಸರ್ಕಾರದ ಸಂಸ್ಕೃತಿ ಇಲಾಖೆ ರಾಷ್ಟ್ರೀಯ ನಿಧಿ ಅಂತ ಘೋಷಿಸಿದ ಕೃತಿಗಳನ್ನ ಅಂಗಡಿಗಳ ಹಾಲ್‌ನಲ್ಲಿ ಇಡೋಕೆ ಒಪ್ಪಿಗೆ ಕೊಡೋದನ್ನ ನಿಲ್ಲಿಸಿತು.

ಬಾಡಿಗೆ ಹಾಲ್ ಥರ ಇದ್ದ ಜಾಗಗಳಿಗೆ ಈಗ ಎರಡೇ ದಾರಿ. ಒಂದೋ ಹಳೇ ನಿಧಿಗಳನ್ನ ಮರೀಬೇಕು, ಇಲ್ಲಾ ನಿಜವಾದ ಮ್ಯೂಸಿಯಂ ಆಗಬೇಕು.

8/10
1975ರಲ್ಲಿ ಟೋಕಿಯೋದ ಇಕೆಬುಕುರೋ ಸ್ಟೇಷನ್‌ನಲ್ಲಿರುವ ಸೆಯಿಬು ಅಂಗಡಿಯ 12ನೇ ಮಹಡಿಯಲ್ಲಿ 'ಸೆಯಿಬು ಮ್ಯೂಸಿಯಂ ಆಫ್ ಆರ್ಟ್' ತೆರೆಯಿತು. ಹಾಲ್ ಅಲ್ಲ, ಮ್ಯೂಸಿಯಂ ಅಂತಲೇ ಹೆಸರು.

ಇದರ ಹಿಂದೆ ಇದ್ದವರು ತ್ಸುತ್ಸುಮಿ ಸೆಯಿಜಿ. ಇವರ ಕಥೆ ಸಿನಿಮಾ ಥರ ಇದೆ. ಅಪ್ಪ ರೈಲು ಮತ್ತು ಜಮೀನಿನ ದೊಡ್ಡ ಉದ್ಯಮಿ, ರಾಜಕಾರಣಿ. ಮಗ ವಿದ್ಯಾರ್ಥಿಯಾಗಿದ್ದಾಗ ಕಮ್ಯುನಿಸ್ಟ್. ತ್ಸುಜಿಯಿ ತಾಕಾಶಿ ಅನ್ನೋ ಹೆಸರಿನಲ್ಲಿ ಕವಿತೆ, ಕಾದಂಬರಿ ಬರೆದವರು. 1964ರಲ್ಲಿ ಅಪ್ಪ ತೀರಿಕೊಂಡ ಮೇಲೆ ರೈಲು ಇನ್ನೊಬ್ಬ ಮಗ ಯೋಶಿಯಾಕಿ ಪಾಲಾಯಿತು. ಸೆಯಿಜಿ ಪಾಲಿಗೆ ಡಿಪಾರ್ಟ್‌ಮೆಂಟ್ ಸ್ಟೋರ್.

ಇಕೆಬುಕುರೋ ಆಗ ಗಿಂಜಾ, ನಿಹೊಂಬಾಶಿ ಥರ ಗತ್ತಿನ ಜಾಗ ಅಲ್ಲ. ಯುದ್ಧದ ನಂತರ ಕಾಳಸಂತೆ ಇದ್ದ ಸ್ಟೇಷನ್ ಪ್ರದೇಶ. ಹಳೇ ಶ್ರೀಮಂತ ಗಿರಾಕಿಗಳು, ಹೆಸರುವಾಸಿ ಚಿತ್ರಕಾರರ ನಂಟು ಎಲ್ಲಾ ಮಿತ್ಸುಕೋಶಿ, ತಾಕಾಶಿಮಾಯಾ ಕೈಯಲ್ಲಿತ್ತು. ಸೆಯಿಬುಗೆ ಉಳಿದಿದ್ದು ಇವತ್ತಿನ ಕಲೆ, ಇವತ್ತಿನ ಹುಡುಗರು. ವ್ಯಾಪಾರದ ಭಾಷೆಯಲ್ಲಿ ಹೇಳಬೇಕಂದ್ರೆ ಯಾರೂ ಹಿಡಿಯದ ಮಾರ್ಕೆಟ್ ಹಿಡಿದರು. ಆದ್ರೆ ಅದಷ್ಟೇ ಆಗಿದ್ರೆ ಮಾರ್ಸೆಲ್ ದ್ಯುಶಾಂ, ಜಾಸ್ಪರ್ ಜಾನ್ಸ್ ತೋರಿಸೋ ಅವಶ್ಯಕತೆ ಇರಲಿಲ್ಲ. ದ್ಯುಶಾಂ ಕೃತಿ ನೋಡಿ ಯಾರೂ ಕೆಳಗಿಳಿದು ಪ್ರೆಶರ್ ಕುಕ್ಕರ್ ತಗೊಳಲ್ಲ!

1984ರಲ್ಲಿ ಜರ್ಮನ್ ಕಲಾವಿದ ಯೋಸೆಫ್ ಬಾಯ್ಸ್ ಅವರನ್ನ ಸೆಯಿಬು ಕರೆಸಿತು. ಹಣದ ಜಗತ್ತನ್ನ ಟೀಕಿಸ್ತಿದ್ದ ಮನುಷ್ಯ ಒಂದು ಅಂಗಡಿಯ ಆಹ್ವಾನ ಒಪ್ಪಿಕೊಂಡಿದ್ದು ಹೇಗೆ? ಅವರು ಆಗ ಜರ್ಮನಿಯ ಕಾಸೆಲ್ ನಗರದಲ್ಲಿ 7,000 ಓಕ್ ಮರ ನೆಡೋ ಯೋಜನೆ ಶುರು ಮಾಡಿದ್ದರು. ಅದಕ್ಕೆ ದುಡ್ಡು ಕೊಡಿ, ಬರ್ತೀನಿ ಅಂದರು. ಸೆಯಿಬು ಕೊಟ್ಟಿತು. ಟೋಕಿಯೋದಲ್ಲಿ ವಿದ್ಯಾರ್ಥಿಗಳು ಅವರನ್ನ ಪ್ರಶ್ನೆ ಕೇಳಿ ಸುಸ್ತು ಮಾಡಿದರು.

ಅಂದ್ರೆ ಟೋಕಿಯೋದ ಗಿರಾಕಿಗಳು ಕೊಟ್ಟ ದುಡ್ಡಿನ ಒಂದು ಪಾಲು ಇವತ್ತಿಗೂ ಜರ್ಮನಿಯಲ್ಲಿ ಮರವಾಗಿ ನಿಂತಿದೆ. 🌳

9/10
1980ರ ದಶಕದ ಕೊನೆ. ಜಪಾನಿನಲ್ಲಿ ಷೇರು ಮತ್ತು ಜಮೀನಿನ ಬೆಲೆ ಹುಚ್ಚು ಹಿಡಿದ ಹಾಗೆ ಏರಿತು. 1988ರಲ್ಲಿ ಮಿತ್ಸುಕೋಶಿ ಪಿಕಾಸೊನ ಒಂದೇ ಒಂದು ಚಿತ್ರಕ್ಕೆ ಲಂಡನ್ ಹರಾಜಿನಲ್ಲಿ ಸುಮಾರು 3.8 ಕೋಟಿ ಡಾಲರ್ ಕೊಟ್ಟಿತು. ಅಂಗಡಿಗಳ ನಡುವೆ ಮ್ಯೂಸಿಯಂ ಪೈಪೋಟಿ ಶುರುವಾಯ್ತು. 1979ರಲ್ಲೇ ಇಸೆತಾನ್ ತೆರೆದಿತ್ತು. 1985ರಲ್ಲಿ ಯೊಕೊಹಾಮಾ ಸೊಗೊ. ಈ ಸೊಗೊ ಮ್ಯೂಸಿಯಂ ಅಂಗಡಿಯೊಳಗೆ ಇದ್ದೂ ಮ್ಯೂಸಿಯಂ ಕಾಯಿದೆಯಡಿ ನೋಂದಣಿ ಪಡೆದ ಮೊದಲನೆಯದು. 1989ರಲ್ಲಿ ಸೆಯಿಬು ಮ್ಯೂಸಿಯಂ ಪಕ್ಕದ ಕಟ್ಟಡಕ್ಕೆ ಹೋಗಿ 'ಸೆಜೋನ್' ಅಂತ ಹೆಸರು ಬದಲಿಸಿತು. ಇಕೆಬುಕುರೋ ಸ್ಟೇಷನ್‌ನ ಇನ್ನೊಂದು ಕಡೆ ಇರೋ ತೋಬು ಅಂಗಡಿ 1992ರಲ್ಲಿ ತನ್ನದೇ ಮ್ಯೂಸಿಯಂ ತೆರೆಯಿತು.

ಆದ್ರೆ 1989ರ ಡಿಸೆಂಬರ್ ಕೊನೆಯಲ್ಲಿ 38,915ಕ್ಕೆ ಮುಟ್ಟಿದ್ದ ನಿಕ್ಕೇಯಿ ಸೂಚ್ಯಂಕ ಮೂರೇ ವರ್ಷದಲ್ಲಿ ಅರ್ಧಕ್ಕಿಂತ ಕೆಳಗೆ ಬಿತ್ತು. ಜಮೀನು ಅಡ ಇಟ್ಟು ಸಾಲ ಮಾಡಿದ್ದ ಕಂಪನಿಗಳು ಕುಸಿದವು. ಜನ ದುಬಾರಿ ಅಂಗಡಿ ಬಿಟ್ಟು ಸೋವಿ ಅಂಗಡಿಗೆ ಹೋದರು.

ಖರ್ಚು ಕಡಿಮೆ ಮಾಡಬೇಕು ಅಂದಾಗ ಮೊದಲು ಯಾವ ಸಾಲಿಗೆ ಗೀಟು ಎಳೀತಾರೆ? ಆದಾಯ ತೋರಿಸಲಾಗದ ಸಾಲಿಗೆ. ಸೆಜೋನ್ 1999ರಲ್ಲಿ ಮುಚ್ಚಿತು. ತೋಬು 2001ರಲ್ಲಿ. ಶಿಂಜುಕುವಿನ ಇಸೆತಾನ್ ಮ್ಯೂಸಿಯಂ 2002ರಲ್ಲಿ. 2000ದ ಜುಲೈನಲ್ಲಿ ಸೊಗೊ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಸಾಲ ಸುಮಾರು 1.87 ಲಕ್ಷ ಕೋಟಿ ಯೆನ್. ಆಶ್ಚರ್ಯ ಅಂದ್ರೆ ಅಷ್ಟೆಲ್ಲಾ ಆದ ಮೇಲೂ ಯೊಕೊಹಾಮಾದ ಮ್ಯೂಸಿಯಂ ಉಳಿದುಕೊಂಡಿತು.

ಅಕೌಂಟಿಂಗ್‌ನಲ್ಲಿ ಒಂದು ನಿಯಮ ಇದೆ. ಜಾಹೀರಾತಿನ ಖರ್ಚನ್ನ ಸಾಮಾನ್ಯವಾಗಿ ಆಯಾ ವರ್ಷವೇ ತೀರಿಸಿಬಿಡ್ತೀವಿ. ಅದು ಆಸ್ತಿ ಅಲ್ಲ. ಮುಂದಿನ ವರ್ಷದ ಬ್ಯಾಲೆನ್ಸ್ ಶೀಟ್‌ಗೆ ಅದು ಹೋಗಲ್ಲ. ಮೇಲ್ಮಹಡಿಯ ಪ್ರದರ್ಶನಗಳೂ ಹಾಗೇ. 25 ವರ್ಷ ನಡೆದರೂ ಪುಸ್ತಕದಲ್ಲಿ ಉಳಿದಿದ್ದು ಸೊನ್ನೆ. ಹಾಗಾಗಿ ಮುಚ್ಚೋದು ಸುಲಭ. ಕಟ್ಟಡ ಮಾರಿದ್ರೆ ನಷ್ಟ ಕಾಣುತ್ತೆ, ಮ್ಯೂಸಿಯಂ ಮುಚ್ಚಿದ್ರೆ ಉಳಿತಾಯ ಕಾಣುತ್ತೆ.

10/10
ಹಾಗಾದ್ರೆ ಎಲ್ಲಾ ವ್ಯರ್ಥವಾ?

ಸೆಯಿಬು ಕಡೆಯ ಸಂಗ್ರಹ ಈಗ ಕಾರುಯಿಜಾವಾ ಅನ್ನೋ ಗಿರಿಧಾಮದ ಮ್ಯೂಸಿಯಂನಲ್ಲಿದೆ. ನಿಹೊಂಬಾಶಿಯ ತಾಕಾಶಿಮಾಯಾ ಕಟ್ಟಡ 1933ರದ್ದು. ಆನೆ ಇಳಿದ ಮೆಟ್ಟಿಲಿನ ಕಟ್ಟಡ. 2009ರಲ್ಲಿ ಅದನ್ನ ಪ್ರಮುಖ ಸಾಂಸ್ಕೃತಿಕ ಆಸ್ತಿ ಅಂತ ಘೋಷಿಸಿದರು. ಡಿಪಾರ್ಟ್‌ಮೆಂಟ್ ಸ್ಟೋರ್ ಕಟ್ಟಡಕ್ಕೆ ಈ ಗೌರವ ಸಿಕ್ಕಿದ್ದು ಅದೇ ಮೊದಲು. ನೋಡಿ, ಚಿತ್ರ ತೋರಿಸ್ತಿದ್ದ ಕಟ್ಟಡವೇ ಈಗ ನೋಡಬೇಕಾದ ವಸ್ತು. 2019ರಿಂದ ಅದರ 4ನೇ ಮಹಡಿಯಲ್ಲಿ ತಾಕಾಶಿಮಾಯಾದ್ದೇ ಒಂದು ಸಣ್ಣ ಮ್ಯೂಸಿಯಂ ಇದೆ, ಪ್ರವೇಶ ಉಚಿತ.

ಇಕೆಬುಕುರೋದಲ್ಲಿ ಬೇರೆ ಥರ ಆಯ್ತು. 2023ರ ಆಗಸ್ಟ್ 31ರಂದು ಸೆಯಿಬು ಅಂಗಡಿಯ ನೌಕರರು ಮುಷ್ಕರ ಮಾಡಿದರು. ಜಪಾನಿನ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್‌ಗಳಲ್ಲಿ ಸುಮಾರು 60 ವರ್ಷದಲ್ಲಿ ಮೊದಲ ಮುಷ್ಕರ. ಮಾಲೀಕರು ಕಂಪನಿಯನ್ನ ಅಮೆರಿಕದ ಹೂಡಿಕೆ ಸಂಸ್ಥೆಗೆ ಮಾರೋದಕ್ಕೆ ವಿರೋಧ. ಅಂಗಡಿ ಒಂದು ದಿನ ಪೂರ್ತಿ ಬಾಗಿಲು ಹಾಕಿತ್ತು. ಮರುದಿನ ಮಾರಾಟ ಮುಗಿಯಿತು.

ಹೊಸ ಮಾಲೀಕರು ನೋಡೋದು ಚದರ ಅಡಿಗೆ ಎಷ್ಟು ಬರುತ್ತೆ ಅಂತ. ಅದರಲ್ಲಿ ತಪ್ಪೇನಿಲ್ಲ, ನಮಗೂ ಕ್ಲಾಸ್‌ನಲ್ಲಿ ಅದನ್ನೇ ಹೇಳಿಕೊಡೋದು. ಆದ್ರೆ ಆ ಚದರ ಅಡಿಯಲ್ಲಿ ನಿಂತು ಮೊದಲ ಸಲ ಒಂದು ಅಸಲಿ ಚಿತ್ರ ನೋಡಿ, ಆಮೇಲೆ ಕಲಾವಿದರೋ ವಾಸ್ತುಶಿಲ್ಪಿಯೋ ಮೇಷ್ಟ್ರೋ ಆದವರ ಲೆಕ್ಕ ಯಾರ ಪುಸ್ತಕದಲ್ಲಿ ಬರಬೇಕು? ಲಾಭ ಆಗಿದೆ, ಅದು ಅಂಗಡಿಗೆ ಸಿಗಲಿಲ್ಲ, ಊರಿಗೆ ಸಿಕ್ಕಿತು. ಖರ್ಚು ಒಬ್ಬರ ಖಾತೆಯಲ್ಲಿ, ಜಮೆ ಎಲ್ಲರ ಖಾತೆಯಲ್ಲಿ. ಇಂಥ ವ್ಯವಹಾರ ತುಂಬಾ ದಿನ ನಡೆಯಲ್ಲ ಅಂತ ಯಾವ ಅಕೌಂಟೆಂಟ್ ಬೇಕಾದ್ರೂ ಹೇಳ್ತಾನೆ. ಆದ್ರೂ ನೂರಾರು ಊರುಗಳಲ್ಲಿ ಇಲ್ಲದ್ದು ಟೋಕಿಯೋದಲ್ಲಿ ಸುಮಾರು 50 ವರ್ಷ ನಡೆಯಿತು.

ನನಗೆ ಅನ್ಸೋದು ಇಷ್ಟು. ವ್ಯಾಪಾರಿಗಳು ಕಲೆಗೆ ಜಾಗ ಕೊಟ್ಟರೆ ಥ್ಯಾಂಕ್ಸ್ ಹೇಳಿ ಹೋಗಿ ನೋಡಬೇಕು. ಆದ್ರೆ ಊರಿನ ಮ್ಯೂಸಿಯಂ ಕೆಲಸವನ್ನ ಪೂರ್ತಿ ಅವರಿಗೇ ಬಿಟ್ಟು ಕೂರಬಾರದು. ಒಳ್ಳೇ ವರ್ಷದಲ್ಲಿ ಅವರು 12ನೇ ಮಹಡಿ ಕೊಡ್ತಾರೆ. ಕೆಟ್ಟ ವರ್ಷದಲ್ಲಿ ಮೊದಲು ವಾಪಸ್ ತಗೊಳೋದೂ ಅದನ್ನೇ.

ನಿಮ್ಮೂರಿನ ಮಾಲ್‌ನ ಮೇಲ್ಮಹಡಿಯಲ್ಲಿ ಫುಡ್ ಕೋರ್ಟ್ ಬದಲು ಏನಿರಬೇಕು ಅಂತ ನಿಮಗನ್ಸುತ್ತೆ? ಹೇಳಿ. ಸರಣಿ ಇಷ್ಟ ಆಗಿದ್ರೆ ಸೇವ್ ಮಾಡ್ಕೊಳಿ, ಕಾಮರ್ಸ್ ಓದೋ ಫ್ರೆಂಡ್‌ಗೂ ಕಳಿಸಿ. 🙏

#ಇತಿಹಾಸ #ಜಪಾನ್ #ಮ್ಯೂಸಿಯಂ #ವ್ಯಾಪಾರದಕಥೆ #ಕನ್ನಡದಲ್ಲಿಓದಿ